ಏಣಿ ಕಲಿಸಿದ ಗಂಟು

ಕ್ರೇನಿನ ಕೊಕ್ಕೆ ಮುರಿದು, ಮೂರು ಟನ್ನಿನ ಕಬ್ಬಿಣದ ಅಚ್ಚು ಬಿದ್ದು, ಕೆಳಗೆ ನಿಂತು ಅದನ್ನು ನಡೆಸುತ್ತಿದ್ದ ಆಪರೇಟರ್ ಸತ್ತ. ಅವನು ಕುಡಿದು ಕೆಲಸಕ್ಕೆ ಬಂದಿದ್ದ, ಕ್ರೇನು ತಡೆಯಲಾರದ ಭಾರ ಎತ್ತಿದ್ದ ಎಂದು ಕಾರ್ಖಾನೆ ವರದಿ ಬರೆಯಿತು. ವರದಿಗೆ ಮೂವರು ರುಜು ಹಾಕಿದರು. ಅಪಘಾತದ ಹೊತ್ತಿಗೆ ಆ ಮೂವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಅದು ತಿಂಗಳ ಮೂರನೇ ತಾರೀಖು. ಹದಿನಾಲ್ಕನೇ ತಾರೀಖು ಗುರುವಾರ ಮಧ್ಯಾಹ್ನ ಎರಡು ನಲವತ್ತಕ್ಕೆ ಅದೇ ಕಾರ್ಖಾನೆಯ ಸೆಕ್ಯುರಿಟಿ ಆಫೀಸರ್ ಠಾಣೆಯ ಮೆಟ್ಟಿಲು ಹತ್ತಿದ. ಇಸ್ತ್ರಿ ಕೆಡದ ಯೂನಿಫಾರ್ಮು, ಕಂಕುಳಲ್ಲಿ ಫೈಲು. ಆತ ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು.

"ಕಳ್ಳತನ ಆಗಿದೆ ಸಾರ್."

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದು ಕೊಕ್ಕೆ. ಮುರಿದದ್ದು. ಗುಜರಿ ಅಂಗಳದಿಂದ, ಇವತ್ತು ಊಟದ ಬಿಡುವಿನಲ್ಲಿ."

"ಮುರಿದ ಕೊಕ್ಕೆಗೊಂದು ದೂರಾ?"

"ಸಾಮಾನು ಯಾವುದೇ ಹೋಗ್ಲಿ, ಇಪ್ಪತ್ನಾಲ್ಕು ಗಂಟೆ ಒಳಗೆ ದೂರು ಕೊಡ್ಬೇಕು ಅಂತ ರೂಲ್ಸ್ ಇದೆ ಸಾರ್. ನಾನು ರೂಲ್ಸ್ ಬಿಟ್ಟು ಒಂದು ಹೆಜ್ಜೆ ಇಡೋನಲ್ಲ."

"ಯಾವ ಕೊಕ್ಕೆ?"

"ಅದೇ, ಆ ಆಪರೇಟರ್ ಸತ್ತ ಕ್ರೇನಿಂದು. ಸೋಮವಾರ ಗುಜರಿ ಲಾರಿ ಬರೋದಿತ್ತು. ಕುಲುಮೆಗೆ ಹೋಗೋ ಮಾಲು."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಆ ಸಾವಿನ ಮಹಜರು ಮಾಡಿದವರು ಅವರೇ. ಕೊಕ್ಕೆ ಎಲ್ಲಿ ಎಂದು ಅಂದು ಕೇಳಿದ್ದರು. ಅಂಗಳ ತೊಳೆಯುವಾಗ ಎಲ್ಲೋ ತೆಗೆದಿಟ್ಟಿದ್ದಾರೆ, ಕಳಿಸಿಕೊಡುತ್ತೇವೆ ಎಂದಿದ್ದ ಮ್ಯಾನೇಜರ್. ಎರಡನೇ ಸಲ ಅವರು ಕೇಳಿರಲಿಲ್ಲ. ಸತ್ತವನ ಲಾಕರಿನಲ್ಲಿ ಸಿಕ್ಕಿತೆಂದು ಕೊಟ್ಟ ಅರ್ಧ ಬಾಟಲಿಯನ್ನು ಮಾತ್ರ ಮರೆಯದೆ ಜಪ್ತಿ ಮಾಡಿದ್ದರು. ದೇಹದಲ್ಲಿ ಮದ್ಯವಿತ್ತೋ ಇಲ್ಲವೋ ಎಂಬ ಪ್ರಯೋಗಾಲಯದ ವರದಿ ಇನ್ನೂ ಬಂದಿರಲಿಲ್ಲ. ಆದರೆ ಊರಿನ ವರದಿ ಆಗಲೇ ಬಂದಾಗಿತ್ತು. ಸತ್ತವನಿಗೆ ಉತ್ತರ ಹೇಳಲು ಬಾಯಿಲ್ಲ. ಕಾರ್ಖಾನೆಗಾದರೋ ಮೈಯೆಲ್ಲ ಬಾಯಿ.

"ಎಫ್‌ಐಆರ್ ಮಾಡಿ," ಎಂದರು ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿ. ಇಪ್ಪತ್ತಾರು ವರ್ಷ ಸರ್ವಿಸಿನ ಆಕೆ ಆಗಲೇ ಕಾಗದಕ್ಕೆ ಕಾರ್ಬನ್ ಹಾಕಿ ಕೂತಿದ್ದರು. ಮೂರು ಗಂಟೆ ಐದು ನಿಮಿಷಕ್ಕೆ ಅಪರಾಧ ಸಂಖ್ಯೆ ನೂರಾ ಹನ್ನೆರಡು ದಾಖಲಾಯಿತು.

ನಾಲ್ಕು ಗಂಟೆಗೆ ಸ್ಥಳ ಪಂಚನಾಮೆ. ಗುಜರಿ ಅಂಗಳ ಕಾರ್ಖಾನೆಯ ಹಿಂಭಾಗದಲ್ಲಿತ್ತು. ಹನ್ನೆರಡು ಅಡಿ ಗೋಡೆ. ಗೋಡೆಗೆ ಒತ್ತಿ ಹಳೆಯ ಕಬ್ಬಿಣದ ಗುಡ್ಡೆ, ಮೆಟ್ಟಿಲಿನ ಹಾಗೆ ಹತ್ತಬಹುದಿತ್ತು. ಗೋಡೆಯ ನೆತ್ತಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಗೂಟ. ಗೂಟಕ್ಕೆ ಕಟ್ಟಿದ್ದ ಹಗ್ಗ ಆಚೆ ಬದಿಗೆ ಜೋತು ಬಿದ್ದಿತ್ತು. ಕೊಕ್ಕೆಯನ್ನು ಆಚೆ ಇಳಿಸಿದವನು ಹಗ್ಗವನ್ನು ಕೆಳಗಿನಿಂದ ಎಳೆದು ಬಿಡಿಸಲು ನೋಡಿದ್ದ; ಗಂಟು ತುಕ್ಕಿಗೆ ಕಚ್ಚಿಕೊಂಡು ಬಿಟ್ಟಿರಲಿಲ್ಲ.

ಪಂಚರಲ್ಲಿ ಒಬ್ಬ ಲಾರಿಗೆ ಸಾಮಾನು ಹೇರುವ ಹಮಾಲ. ಮೂವತ್ತು ವರ್ಷ ಹಗ್ಗದ ಜೊತೆ ಬಾಳಿದವನು. ಗುಡ್ಡೆ ಹತ್ತಿ ಗಂಟಿಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದ.

"ಇದು ನಮ್ಮ ಕಸುಬಿನ ಗಂಟಲ್ಲ ಸಾರ್. ಎರಡು ಸುತ್ತು, ಒಂದು ನುಸುಳು. ಭಾರ ಬಿದ್ರೆ ಬಿಗಿಯುತ್ತೆ, ಬಿಡಿ ತುದಿ ಜಗ್ಗಿದ್ರೆ ಬಿಚ್ಚುತ್ತೆ. ಇದನ್ನ ನಾನು ಒಂದೇ ಕಡೆ ನೋಡಿರೋದು. ನೀರಿನ ಟ್ಯಾಂಕಿನ ಹಿಂದಿನ ಓಣಿ. ಅಲ್ಲಿನ ನಾಲ್ಕು ಜನ ಗೆಳೆಯರು ಏನೇ ಕಟ್ಟಿದ್ರೂ ಇದೇ ಗಂಟು."

"ನಾಲ್ಕು ಜನ ಯಾರು?"

"ಒಬ್ಬ ಹೋದನಲ್ಲ, ಆ ಕ್ರೇನ್ ಆಪರೇಟರ್. ಉಳಿದವರು ಮೂವರು." ಹಮಾಲ ಗಂಟನ್ನು ಇನ್ನೊಮ್ಮೆ ನೋಡಿ ಹುಬ್ಬು ಗಂಟಿಕ್ಕಿದ. "ಆದ್ರೆ ಇದೇನೋ ಉಲ್ಟಾ ಇದೆಯಲ್ಲ. ಅವರದ್ದು ಬಲಕ್ಕೆ ಸುತ್ತುತ್ತೆ. ಇದು ಎಡಕ್ಕೆ ಸುತ್ತಿದೆ."

ಹೆಡ್ ಕಾನ್‌ಸ್ಟೆಬಲ್ ಮೊಬೈಲಿನಲ್ಲಿ ಗಂಟಿನ ಚಿತ್ರ ತೆಗೆದುಕೊಂಡರು. ಹಗ್ಗವನ್ನು ಗಂಟಿನ ಸಮೇತ ಕತ್ತರಿಸಿ ಸೀಲು ಮಾಡಲಾಯಿತು.

ಗೇಟಿನ ರಿಜಿಸ್ಟರ್ ತರಿಸಿದರು. ಆ ದಿನ ಊಟದ ಬಿಡುವಿನಲ್ಲಿ ಹೊರಗಿನವರು ಹದಿನಾಲ್ಕು ಮಂದಿ ಒಳಗಿದ್ದರು. ಟ್ಯಾಂಕಿನ ಓಣಿಯ ಆ ಮೂವರು ಗೆಳೆಯರೂ ಅವರಲ್ಲಿದ್ದರು: ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಬಡಗಿ, ಪಾಳಿಯ ಕಾರ್ಮಿಕರನ್ನು ತರುವ ಬಸ್ಸಿನ ಡ್ರೈವರ್, ಹೊಸ ಯೂನಿಫಾರ್ಮಿಗೆ ಅಳತೆ ತೆಗೆಯಲು ಬಂದಿದ್ದ ಟೈಲರ್.

ಸಂಜೆ ಆರಕ್ಕೆ ಹೆಡ್ ಕಾನ್‌ಸ್ಟೆಬಲ್ ಓಣಿಗೆ ಹೋಗಿ ಮೂವರಿಗೂ ನಾಳೆ ಠಾಣೆಗೆ ಬರಲು ಹೇಳಿ ಬಂದರು. ಟೈಲರ್ ಅಂಗಡಿ ಬೀಗ ಹಾಕಿತ್ತು, ಅಕ್ಕಪಕ್ಕದವರಿಗೆ ತಿಳಿಸಿದರು. ಬಡಗಿಗೂ ಡ್ರೈವರಿಗೂ ಮೊಬೈಲಿನ ಚಿತ್ರ ತೋರಿಸಿದರು.

"ಇಬ್ಬರೂ ನೋಡಿದ ಕೂಡಲೇ 'ಗೊತ್ತಿಲ್ಲ' ಅಂದ್ರು ಸಾರ್," ಎಂದು ವರದಿ ಒಪ್ಪಿಸಿದರು. "ಗೊತ್ತಿಲ್ಲದವರು ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡ್ತಾರೆ. ಇವರು ಹಾಗೆ ನೋಡಲಿಲ್ಲ."

ಆರೂವರೆಗೆ ಮ್ಯಾನೇಜರನ ಫೋನು. "ಹೊಸ ಆಫೀಸರ್, ಗೊತ್ತಾಗದೆ ದೂರು ಕೊಟ್ಟಿದ್ದಾನೆ. ಗುಜರಿ ಸಾಮಾನಿಗೆಲ್ಲ ಕೇಸ್ ಯಾಕೆ? ಬಿಟ್ಟುಬಿಡಿ."

"ಎಫ್‌ಐಆರ್ ಆಗಿದೆ. ನಂಬರ್ ಬಿದ್ದಿದೆ," ಎಂದರು ಇನ್‌ಸ್ಪೆಕ್ಟರ್.

"ಹಾಗಾದ್ರೆ ಬೇಗ ಹುಡುಕಿ ಕೊಡಿ. ಸೋಮವಾರ ಲಾರಿ ಬರುತ್ತೆ."

ಕೇಸು ಬೇಡ, ಕೊಕ್ಕೆ ಬೇಕು. ಆ ಎರಡು ಮಾತನ್ನೂ ಇನ್‌ಸ್ಪೆಕ್ಟರ್ ಠಾಣಾ ದಿನಚರಿಯಲ್ಲಿ ಸಮಯದ ಸಮೇತ ಬರೆದರು.

ಶುಕ್ರವಾರ ಬೆಳಿಗ್ಗೆ ಎಂಟೂವರೆ. ಕಸ ಗುಡಿಸುವವಳು ಇನ್ನೂ ವರಾಂಡದಲ್ಲಿರುವಾಗಲೇ ಬಡಗಿ ಬಂದು ಬೆಂಚಿನ ಮೇಲೆ ಕೂತ. ಐವತ್ತೆಂಟು ವರ್ಷ, ಕಡ್ಡಿಯಂಥ ಮೈ. ಓಣಿಯಲ್ಲಿ ಅವನನ್ನು ಮೊಳೆ ಎನ್ನುತ್ತಾರೆ.

"ಕದ್ದವನು ನಾನೇ ಸಾರ್. ಬರ್ಕೊಳ್ಳಿ."

"ಹೇಗೆ ಕದ್ದೆ?"

"ಪ್ಯಾಕಿಂಗ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಗೇಟಲ್ಲೇ ಹೊರಗೆ ತಂದೆ."

"ಮತ್ತೆ ಗೋಡೆ ಮೇಲೆ ಹಗ್ಗ ಯಾಕಿತ್ತು?"

ಮೊಳೆ ಛಾವಣಿ ನೋಡಿದ. "ಅದು ನಿಮ್ಮ ದಾರಿ ತಪ್ಪಿಸೋಕೆ."

ಹೆಡ್ ಕಾನ್‌ಸ್ಟೆಬಲ್ ಫೈಲಿನ ಹಿಂದೆ ಮುಖ ಮರೆ ಮಾಡಿಕೊಂಡರು.

ಎಂಟು ಐವತ್ತಕ್ಕೆ ಡ್ರೈವರ್ ಬಂದ. ಹೊಟ್ಟೆ ಮೊದಲು ಒಳಗೆ ಬಂತು, ಆಮೇಲೆ ಅವನು. ಓಣಿಯವರಿಗೆ ಅವನು ಗಡಿಗೆ.

"ಮೊಳೆ ಮಾತು ನಂಬಬೇಡಿ ಸಾರ್. ಇವನಿಗೆ ಒಂದನೇ ಕ್ಲಾಸಿಂದ ಬೇರೆಯವರ ಏಟು ತಿನ್ನೋ ಚಟ. ಕದ್ದವನು ನಾನು. ಬಸ್ ಸೀಟಿನ ಕೆಳಗಿಟ್ಟು ತಂದೆ."

"ಎಷ್ಟು ಭಾರ ಇತ್ತು?"

"ಇತ್ತು... ಒಂದು ಐದು ಕೆಜಿ."

"ದೂರಿನಲ್ಲಿ ಇಪ್ಪತ್ತೆರಡು."

"ಗಟ್ಟಿ ಆಳು ಸಾರ್ ನಾನು. ನನ್ನ ಕೈಗೆ ಐದರ ಹಾಗೇ ಅನ್ನಿಸ್ತು."

"ಲೇ ಗಡಿಗೆ, ಮನೆಗೆ ಹೋಗೋ!" ಬೆಂಚಿನಿಂದ ಮೊಳೆ ಗದರಿದ. "ಬಿಪಿ ಮಾತ್ರೆ ಮರೆತು ಬಂದಿರ್ತೀಯ. ಲಾಕಪ್ಪಲ್ಲಿ ಬಿದ್ರೆ ನಿನ್ನ ಎತ್ತೋಕೆ ಆ ಕ್ರೇನೇ ಬೇಕು."

ಒಂಬತ್ತು ಹತ್ತಕ್ಕೆ ಟೈಲರ್ ಬಂದ. ಬಡಕಲು ಮನುಷ್ಯ, ಎಡ ಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಕಣ್ಣು ತಿಳಿ ಹಸಿರು. ಅದಕ್ಕೇ ಹುಟ್ಟಿದಂದಿನಿಂದ ಬೆಕ್ಕು. ಅವನು ಮೊದಲು ಇನ್‌ಸ್ಪೆಕ್ಟರ್ ಕಡೆ ನೋಡಲಿಲ್ಲ, ಬೆಂಚಿನ ಕಡೆ ನೋಡಿದ.

"ಯಾವನು ನಿಮಗೆ ಇಲ್ಲಿ ಬಂದು ಒಪ್ಕೊಳ್ಳಿ ಅಂದೋನು?"

"ನೀನು ಬಾಯಿ ಮುಚ್ಚು," ಎಂದರು ಇಬ್ಬರೂ ಒಟ್ಟಿಗೆ.

"ಸಾರ್, ಕದ್ದಿದ್ದು ನಾನು," ಎಂದ ಟೈಲರ್. "ಇವರಿಬ್ಬರಿಗೂ ಇದರ ಗಂಧಗಾಳಿ ಗೊತ್ತಿಲ್ಲ."

"ಈ ಕಾಲು ಇಟ್ಕೊಂಡು ಇವನು ಗುಡ್ಡೆ ಹತ್ತಿದ್ನಂತೆ!" ಗಡಿಗೆ ನಕ್ಕ.

ತನ್ನನ್ನು ಬಿಡಿಸಿಕೊಳ್ಳಲು ನೂರು ಸುಳ್ಳು ಹೇಳುವವರನ್ನು ಆ ಠಾಣೆ ದಿನವೂ ಕಾಣುತ್ತಿತ್ತು. ಸಿಕ್ಕಿಬೀಳಲು ಸರದಿಯಲ್ಲಿ ನಿಂತವರನ್ನು ಕಂಡಿದ್ದು ಅದೇ ಮೊದಲು. ಕಾವಲಿನ ಕಾನ್‌ಸ್ಟೆಬಲ್ ಬಾಗಿಲಿಗೆ ಬಂದು ನಿಂತು ನೋಡತೊಡಗಿದ. ಇನ್‌ಸ್ಪೆಕ್ಟರ್ ಅವನನ್ನು ಗದರಿಸಲಿಲ್ಲ.

ಮೂವರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬೊಬ್ಬರ ಮುಂದೂ ಒಂದು ಕುರ್ಚಿ, ಮೂರು ಮೊಳ ಹಗ್ಗ ಇಟ್ಟರು. "ಗೋಡೆ ಮೇಲೆ ಹಾಕಿದ ಗಂಟು ಇಲ್ಲಿ ಹಾಕು."

ಮೊಳೆ ಹಗ್ಗ ಹಿಡಿದು ತಡೆದ. ನಾಲಿಗೆ ಕಚ್ಚಿ, ಎಡಗಡೆಯಿಂದ ಸುತ್ತಲು ಹೋದ. ಮೊದಲ ಸುತ್ತು ಬಂತು, ಎರಡನೆಯದು ಬರಲಿಲ್ಲ. ಬಿಚ್ಚಿ ಮತ್ತೆ ಹಾಕಿದ. ಒಂದೇ ಏಟಿಗೆ ಮೊಳೆಯನ್ನು ತಲೆಯವರೆಗೂ ಇಳಿಸುವ ಕೈ ಕೂಸಿನ ಕೈಯಂತೆ ತಡಕಾಡಿತು. ಕೊನೆಗೆ ರೇಗಿ ಕಣ್ಣುಮುಚ್ಚಿ ಒಂದು ಗಂಟು ಹಾಕಿದ. ಅದು ಬಲಕ್ಕೆ ಸುತ್ತಿತ್ತು.

ಗಡಿಗೆಯೂ ಎಡಕ್ಕೇ ಶುರು ಮಾಡಿದ. ಅವನ ಗಂಟು ಕಟ್ಟಿದ ಹಾಗೇ ಬಿಚ್ಚಿಕೊಂಡಿತು. "ಹಗ್ಗ ಸರಿ ಇಲ್ಲ ಸಾರ್," ಎಂದ. ಹಣೆಯಲ್ಲಿ ಬೆವರಿತ್ತು.

"ಎಡಕ್ಕೆ ಸುತ್ತು ಅಂತ ನಾನು ಹೇಳಲಿಲ್ಲವಲ್ಲ," ಎಂದರು ಇನ್‌ಸ್ಪೆಕ್ಟರ್. ಗಡಿಗೆ ತಲೆ ತಗ್ಗಿಸಿದ. ಚಿತ್ರ ಕಂಡ ಗಳಿಗೆಯೇ ಅದು ಯಾರ ಕೈ ಎಂದು ಇಬ್ಬರಿಗೂ ತಿಳಿದಿತ್ತು. ಒಬ್ಬನಿಗೊಬ್ಬ ಹೇಳದೆ, ಇಬ್ಬರೂ ಬೆಳಗಾಗುವುದನ್ನೇ ಕಾದು ಬಂದಿದ್ದರು.

ಟೈಲರ್ ಹಗ್ಗ ಎತ್ತಿಕೊಂಡು, ಮಾತಾಡುತ್ತಲೇ, ನೋಡದೆಯೇ ಕಟ್ಟಿದ. ಎರಡು ಸುತ್ತು, ಒಂದು ನುಸುಳು, ಎಡಕ್ಕೆ. ಇನ್‌ಸ್ಪೆಕ್ಟರ್ ಜಪ್ತಿ ಮಾಡಿದ ಹಗ್ಗದ ಚಿತ್ರವನ್ನು ಪಕ್ಕದಲ್ಲಿ ಹಿಡಿದರು. ಎಳೆಗೆ ಎಳೆ ಕೂಡಿತು.

"ನಿನ್ನದು ಮಾತ್ರ ಯಾಕೆ ಉಲ್ಟಾ?"

"ಈ ಗಂಟು ಕಂಡುಹಿಡಿದವನು ಏಣಿ ಸಾರ್. ಸತ್ತನಲ್ಲ, ಅವನೇ. ಉದ್ದ ಇದ್ದ, ಅದಕ್ಕೆ ಏಣಿ. ಬೇಸಿಗೆಯಲ್ಲಿ ಟ್ಯಾಂಕ್ ಒಣಗಿದ್ರೆ ಚೆಂಡು ಒಳಗೆ ಬೀಳ್ತಿತ್ತು. ಒಬ್ಬನ ಸೊಂಟಕ್ಕೆ ಕಟ್ಟಿ ಇಳಿಸೋದು. ಇವರಿಬ್ಬರನ್ನ ಅವನು ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದ. ನನಗೆ ಆವಾಗ ಕಾಲು ಮುರಿದು ಮೂರು ತಿಂಗಳು ಹಾಸಿಗೆ. ಇದೇ ಕಾಲು. ಅವನು ದಿನಾ ಸ್ಕೂಲ್ ಬಿಟ್ಟ ಮೇಲೆ ಬಂದು ಕಿಟಕಿ ಆಚೆ ನಿಂತು ಸರಳಿಗೆ ಹಗ್ಗ ಕಟ್ಟಿ ತೋರಿಸ್ತಿದ್ದ. ಎದುರುಬದುರು. ಅವನ ಬಲ ನನಗೆ ಎಡ ಆಯ್ತು. ಆಮೇಲೆ ತಿದ್ದೋಕೆ ಎಲ್ಲರೂ ನೋಡಿದ್ರು. ಏಣಿ ಅಂದ, ಬಿಡ್ರೋ, ಅವನ ಗಂಟೂ ಭಾರ ತಡೆಯುತ್ತೆ."

"ಕೊಕ್ಕೆ ಎಲ್ಲಿ?"

"ಪಂಚರನ್ನ ಕರೀರಿ. ಪಂಚನಾಮೆ ಬರೀರಿ. ಅದಕ್ಕೊಂದು ನಂಬರ್ ಹಾಕ್ತೀನಿ ಅನ್ನಿ, ತೋರಿಸ್ತೀನಿ. ಸುಮ್ನೆ ಕೊಟ್ರೆ ನೀವು ಅವರಿಗೇ ವಾಪಸ್ ಕೊಡ್ತೀರಿ."

ಇನ್‌ಸ್ಪೆಕ್ಟರ್ ಪಂಚರನ್ನು ಕರೆಸಿದರು.

ಟೈಲರ್ ಅಂಗಡಿ ಎಂಟಡಿ ಉದ್ದ, ಆರಡಿ ಅಗಲ. ಒಂದು ಮೆಷಿನ್, ಕತ್ತರಿಸುವ ಹಲಗೆ, ಹೊಲಿಸಿಕೊಂಡು ಒಯ್ಯದವರ ಬಟ್ಟೆಯ ರಾಶಿ. ಹನ್ನೊಂದು ನಲವತ್ತಕ್ಕೆ ಆ ರಾಶಿಯಡಿಯಿಂದ ಕೊಕ್ಕೆಯ ತುಂಡು ಹೊರಬಂತು. ಮೈಗೆಲ್ಲ ಮೆಷಿನ್ ಎಣ್ಣೆ ಸವರಿದ್ದ. ಮುರಿದ ಮುಖಕ್ಕೆ ಮಾತ್ರ ಎಣ್ಣೆ ಮುಟ್ಟಿಸಿರಲಿಲ್ಲ. ಒಣ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಚಿಗೆ ಟಾಕಿ ಹೊಲಿಗೆ ಹಾಕಿ ಮುಚ್ಚಿದ್ದ. ಹೆಡ್ ಕಾನ್‌ಸ್ಟೆಬಲ್ ಟಾಕಿ ಬಿಡಿಸಿದರು.

ಮುರಿದ ಮುಖದ ಮುಕ್ಕಾಲು ಪಾಲು ಕಪ್ಪಗಿತ್ತು, ತುಕ್ಕು ಒಳಗಿನವರೆಗೂ ಇಳಿದಿತ್ತು. ಕಾಲು ಪಾಲು ಮಾತ್ರ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಪ್ಪು ಭಾಗದ ಅಂಚಿಗೆ ಒಂದು ವೆಲ್ಡಿಂಗ್ ಗೆರೆ, ಮೇಲೆ ಬಣ್ಣ ಬಳಿದಿತ್ತು.

ಯಾರೂ ಕೇಳದೆ ಹಮಾಲನೇ ಹೇಳಿದ. "ಇದು ಆವತ್ತು ಮುರಿದಿದ್ದಲ್ಲ ಸಾರ್. ಬಿರುಕು ಬಿಟ್ಟು ವರ್ಷ ಆಗಿದೆ. ಗೊತ್ತಿದ್ದೂ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದಿದ್ದಾರೆ. ಭಾರ ಎತ್ತೋ ಕೊಕ್ಕೆಗೆ ಯಾವನೂ ವೆಲ್ಡಿಂಗ್ ಮಾಡಲ್ಲ, ಮಾಡಲೂಬಾರದು. ಕಾಲು ಪಾಲು ಕಬ್ಬಿಣ ಹಿಡಿದಿದ್ದ ಭಾರದ ಕೆಳಗೆ ಆ ಮನುಷ್ಯನ್ನ ನಿಲ್ಲಿಸಿದ್ರು."

ಹಮಾಲನ ಮಾತನ್ನು ಪಂಚನಾಮೆಯಲ್ಲಿ ಬರೆಯುವಂತಿಲ್ಲ. ಕಂಡದ್ದನ್ನು ಬರೆಯಬಹುದು. ಇನ್‌ಸ್ಪೆಕ್ಟರ್ ಸ್ಕೇಲು ತರಿಸಿ ಕಪ್ಪಿನ ಅಳತೆ, ಹೊಳಪಿನ ಅಳತೆ, ವೆಲ್ಡಿಂಗ್ ಗೆರೆಯ ಉದ್ದ ಎಲ್ಲವನ್ನೂ ಬರೆಸಿದರು. ಅಳತೆ ಹಿಡಿಯಲು ಟೈಲರ್ ತನ್ನ ಟೇಪನ್ನೂ ಕೊಟ್ಟ. ಹನ್ನೆರಡು ದಿನ ಕಳೆದ ಮೇಲೆ ಮಾಡಬೇಕಾದ ಕೆಲಸವಲ್ಲ ಅದು, ಮೊದಲನೇ ದಿನದ್ದು. ಬರೆಸುವಾಗ ಅವರ ದನಿ ಎಂದಿಗಿಂತ ತಗ್ಗಿತ್ತು.

ಹನ್ನೆರಡು ಐವತ್ತಕ್ಕೆ ಬಂಧನದ ಮೆಮೊ. ಓಣಿಯ ಜನ ಬಾಗಿಲು ಬಾಗಿಲಿನಲ್ಲಿ ನಿಂತಿದ್ದರು. ಟೈಲರ್ ಅಂಗಡಿಗೆ ಬೀಗ ಹಾಕಿ ಕೀಲಿಯನ್ನು ಮೊಳೆಗೆ ಕೊಟ್ಟ. ಗಡಿಗೆ ಜೀಪಿನ ಮುಂದೆ ಅಡ್ಡ ನಿಂತ.

"ನಮ್ಮನ್ನೂ ಹತ್ತಿಸ್ಕೊಳ್ಳಿ ಸಾರ್."

"ನಿಮ್ಮ ಮೇಲೆ ಏನು ಕೇಸು?"

"ಪೊಲೀಸರಿಗೆ ಸುಳ್ಳು ಹೇಳಿದ ಕೇಸು."

"ಅಷ್ಟು ಕೆಟ್ಟ ಸುಳ್ಳಿಗೆ ಕಾನೂನಲ್ಲಿ ಸೆಕ್ಷನ್ ಇಲ್ಲ," ಎಂದರು ಹೆಡ್ ಕಾನ್‌ಸ್ಟೆಬಲ್. ಓಣಿ ನಕ್ಕಿತು. ಟೈಲರ್ ಜೀಪಿನಲ್ಲಿ ಮದುವಣಿಗನ ಹಾಗೆ ನೆಟ್ಟಗೆ ಕೂತಿದ್ದ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. ಗುರುವಾರ ಊಟದ ಬಿಡುವಿನಲ್ಲಿ ಗುಜರಿ ಅಂಗಳದ ಕಾವಲುಗಾರನ ಅಳತೆ ತೆಗೆದು ಅವನನ್ನು ಊಟಕ್ಕೆ ಕಳಿಸಿದ್ದು. ಒಂದೊಂದೇ ಮೆಟ್ಟಿಲು ಕೂತು ಕೂತು ಗುಡ್ಡೆ ಹತ್ತಿದ್ದು. ಕೊಕ್ಕೆಯನ್ನು ಆಚೆ ಇಳಿಸಿ, ಗೇಟಿನಲ್ಲಿ ಎಲ್ಲರಿಗೂ ಕೈಮುಗಿದು ಹೊರಬಂದಿದ್ದು. ಸುತ್ತು ಹಾಕಿ ಹೋಗಿ ಸೈಕಲ್ಲಿನ ಬಟ್ಟೆ ಗಂಟಿನೊಳಗೆ ಇಟ್ಟು ತಂದಿದ್ದು. ಎಲ್ಲ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಕೇಳಿದರು.

"ಉದ್ದೇಶ ಅಂತ ಒಂದು ಕಾಲಂ ಇದೆ. ಏನು ಬರೀಲಿ?"

"ನಾವು ಮೂವರೂ ಕುಡೀತೀವಿ ಸಾರ್," ಎಂದ ಟೈಲರ್. "ಮದುವೆ, ಹಬ್ಬ, ಸಂಬಳದ ದಿನ. ಏಣಿ ಮಾತ್ರ ಒಂದು ತೊಟ್ಟು ಮುಟ್ಟಿದವನಲ್ಲ. ಅವರಪ್ಪ ಕುಡಿದು ಅವರಮ್ಮನ್ನ ಬಡಿಯೋದು ನೋಡಿ ಬೆಳೆದವನು. ನಲವತ್ತು ವರ್ಷ ನಮ್ಮ ಮೂವರನ್ನ ಹೆಗಲು ಕೊಟ್ಟು ಮನೆ ಮುಟ್ಟಿಸಿದವನು ಅವನು. ಈಗ ಅವನ ಹೆಂಡತಿ, ನಮ್ಮ ಅತ್ತಿಗೆ, ನಲ್ಲಿ ಹತ್ರ ಹೋದ್ರೆ ಹಿಂದಿನಿಂದ 'ಬಾಟ್ಲಿ' ಅಂತಾರೆ. ನಾನು ಕಾರ್ಮಿಕ ಇಲಾಖೆಗೆ ಎರಡು ಸಲ ಹೋದೆ. ಸಾಕ್ಷಿ ತಗೊಂಡು ಬಾ ಅಂದ್ರು. ತಂದೆ. ಇವತ್ತು ಬೆಳಿಗ್ಗೆ ಅಲ್ಲಿಗೇ ಹೊರಟಿದ್ದೆ, ಅಷ್ಟರಲ್ಲಿ ಈ ಎರಡು ಪ್ರಾಣಿ ಇಲ್ಲಿ ಬಂದು ಕೂತಿವೆ ಅಂತ ಗೊತ್ತಾಯ್ತು."

"ಅದೆಲ್ಲ ಕಾಲಂನಲ್ಲಿ ಹಿಡಿಯಲ್ಲ."

"ಹಾಗಾದ್ರೆ ಇಷ್ಟೇ ಬರೀರಿ. ಸತ್ತವನು ಕುಡೀತಿರಲಿಲ್ಲ."

ಇನ್‌ಸ್ಪೆಕ್ಟರ್ ಹಾಗೆಯೇ ಬರೆದರು.

ಮೂರೂಕಾಲಿಗೆ ಮ್ಯಾನೇಜರ್ ಬಂದ, ಜೊತೆಗೆ ವಕೀಲ. ಅದಕ್ಕೆ ಹತ್ತು ನಿಮಿಷ ಮೊದಲು ಮೇಲಧಿಕಾರಿಯ ಫೋನು ಬಂದಿತ್ತು: ರಾಜಿ ಮಾಡಿಸಿ ಮುಗಿಸಿ, ಮಾಲು ಮಾಲೀಕರಿಗೆ ಸಿಗಲಿ. ವಕೀಲ ರಾಜಿ ಪತ್ರ ತೆಗೆದು ಮೇಜಿನ ಮೇಲೆ ಹರಡಿದ. ಎರಡೂ ಕಡೆಯವರ ರುಜು ಬಿದ್ದರೆ ಸಂಜೆಯೊಳಗೆ ಕೋರ್ಟು ಒಪ್ಪುತ್ತದೆ, ಆರೋಪಿ ಬಿಡುಗಡೆ, ಕೊಕ್ಕೆ ಕಾರ್ಖಾನೆಗೆ. ಮ್ಯಾನೇಜರನ ರುಜು ಆಗಲೇ ಬಿದ್ದಿತ್ತು.

ಟೈಲರನನ್ನು ಕರೆತಂದರು. ಅವನು ಕನ್ನಡಕ ಹಾಕಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೂ ಓದಿದ.

"ಅಂಗಡಿ ಸಣ್ಣದಾಯ್ತಲ್ಲ ನಿಮಗೆ," ಎಂದ ಮ್ಯಾನೇಜರ್ ನಗುತ್ತಾ. "ಮುಂದೆ ನಮ್ಮ ಎಂಟುನೂರು ಜನದ ಯೂನಿಫಾರ್ಮೂ ನಿಮಗೇ. ಗೆಳೆಯ ಅಂತೂ ವಾಪಸ್ ಬರಲ್ಲ."

"ನಿಮ್ಮೆಲ್ಲರ ಅಳತೆ ನನ್ನ ಪುಸ್ತಕದಲ್ಲಿದೆ. ಇನ್ನೊಬ್ಬ ಟೈಲರ್ ಬಂದ್ರೆ ಕೊಡ್ತೀನಿ," ಎಂದ ಟೈಲರ್.

ಇನ್‌ಸ್ಪೆಕ್ಟರ್ ಮೇಲಿನವರ ಮಾತನ್ನು ಮೇಲಿನವರ ದನಿಯಲ್ಲೇ ಹೇಳಿದರು. "ರುಜು ಹಾಕಿದ್ರೆ ಇವತ್ತೇ ಮನೆ. ಹಾಕದಿದ್ರೆ ಕೋರ್ಟು, ವರ್ಷಗಟ್ಟಲೆ ಅಲೆದಾಟ, ಜೈಲೂ ಆಗಬಹುದು. ನಿಮ್ಮ ವಯಸ್ಸು ನೋಡಿ, ಕಾಲು ನೋಡಿ. ರುಜು ಹಾಕಿ."

"ರುಜು ಹಾಕಿದ್ರೆ ಕೊಕ್ಕೆ ಸೋಮವಾರ ಎಲ್ಲಿಗೆ ಹೋಗುತ್ತೆ ಸಾರ್?"

ಮ್ಯಾನೇಜರ್ ವಕೀಲನ ಕಡೆ ನೋಡಿದ.

"ಹಾಕದಿದ್ರೆ?"

"ಕೇಸು ಮುಗಿಯೋವರೆಗೂ ಕೋರ್ಟಿನ ಮಾಲು," ಎಂದರು ಇನ್‌ಸ್ಪೆಕ್ಟರ್. "ಪರೀಕ್ಷೆಗೆ ಕಳಿಸ್ತೀನಿ ಅಂತ ನಾನು ಬರೆದಾಗಿದೆ."

ಟೈಲರ್ ಪೆನ್ನಿನ ಮುಚ್ಚಳ ಹಾಕಿದ.

"ಹಾಕಲ್ಲ," ಎಂದ. "ನಾನು ಕದ್ದಿದ್ದೀನಿ. ಹಾಡುಹಗಲು ಕದ್ದಿದ್ದೀನಿ. ನನ್ನ ಮೇಲೆ ಕೇಸು ನಡೀಲೇಬೇಕು."

"ಯೋಚನೆ ಮಾಡಿ ಹೇಳಿ," ಎಂದ ವಕೀಲ.

"ಹಾಕಲ್ಲ ಸ್ವಾಮಿ," ಎಂದ ಟೈಲರ್, ಪತ್ರವನ್ನು ಮ್ಯಾನೇಜರನ ಕಡೆಗೆ ತಳ್ಳಿದ.